ಆಕಾಶದ ಹಡಗಿಗೊಂದು ಕೌದಿ

ರೆಡೊಂಡೊ ಬೀಚ್

ಉಪಗ್ರಹಗಳಿಗೆ ಚಳಿಯಾಗುತ್ತದೆ. ಇಷ್ಟು ಮಹತ್ವದ ಸಂಗತಿಯನ್ನು ಅರವತ್ತು ವರ್ಷಗಳ ಕಾಲ ಯಾರೂ ನನ್ನ ಗಮನಕ್ಕೆ ತಂದಿರಲಿಲ್ಲ. ಮೇಲೆ ಹೋದ ಮೇಲೆ ಬಿಸಿಲಿನ ಮಗ್ಗುಲು ರೊಟ್ಟಿ ಹಂಚಿನಂತೆ ಕಾಯುತ್ತದಂತೆ, ನೆರಳಿನ ಮಗ್ಗುಲು ಸೆಟೆದುಕೊಳ್ಳುತ್ತದಂತೆ. ಒಳಗಿನ ಯಂತ್ರ ಕೆಡಬಾರದೆಂದು ಅವಕ್ಕೆ ಪದರು ಪದರಾಗಿ ಬಂಗಾರದ ಬಣ್ಣದ ಹೊದಿಕೆ ಹೊಲಿಯುತ್ತಾರೆ. ಹೊಲಿಯುವುದು ಮತ್ತೊಂದು ಯಂತ್ರವಲ್ಲ, ಕುರ್ಚಿಯ ಮೇಲೆ ಕೂತ ಹೆಂಗಸರು.

ಇದನ್ನು ನನಗೆ ತಿಳಿಸಿದವರು ತಂಗಿಯ ಗಂಡ ಗುರುರಾಜರು. ರೆಡೊಂಡೊ ಬೀಚಿನ ಮನೆಯಲ್ಲಿ, ಚುರುಮುರಿ ತಿನ್ನುತ್ತ, ಏನೂ ವಿಶೇಷವಿಲ್ಲವೆಂಬ ಧಾಟಿಯಲ್ಲಿ.

"ಇವತ್ತ ಬ್ಲ್ಯಾಂಕೆಟ್ ಬಂದ್ವು ಅಕ್ಕಾರ. ಸ್ಯಾಟಲೈಟಿಗೆ ಹಾಕ್ತೀವಿ."

"ಪದರ ಮ್ಯಾಲೆ ಪದರ ಇಟ್ಟು, ಕೈಲೆ ಹೊಲದದ್ದು?"

"ಹೌದರಿ."

"ಹಂಗಾದ್ರ ಕೌದಿ ಅನ್ರಿ."

ಗುರುರಾಜರು ಹದಿನೇಳು ವರ್ಷ ಉಪಗ್ರಹಗಳ ಜೊತೆ ಸಂಸಾರ ಮಾಡಿದವರು. ಸ್ವಲ್ಪ ಯೋಚಿಸಿ, "ಹೌದ, ಕೌದಿನ," ಎಂದು ಒಪ್ಪಿಕೊಂಡರು. ನಾನು ಅಮೆರಿಕಕ್ಕೆ ಬಂದು ವಿಜ್ಞಾನಕ್ಕೆ ಸಲ್ಲಿಸಿದ ಸೇವೆ ಇದೊಂದೇ.

ನನ್ನ ಅರ್ಹತೆಯನ್ನೂ ಹೇಳಿಬಿಡುತ್ತೇನೆ. ನಾನು ಮೂವತ್ತೊಂದು ವರ್ಷ ಸರಕಾರಿ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿ ಧಾರವಾಡದಲ್ಲಿ ನಿವೃತ್ತಳಾದವಳು. ನನ್ನ ಕೈಕೆಳಗೆ ಗುಂಡಿಗೆ ಕಾಜಾ ಹೊಲಿದು ಕಣ್ಣೀರು ಹಾಕದ ಹುಡುಗಿ ಆ ಜಿಲ್ಲೆಯಲ್ಲಿ ಕಡಿಮೆ. ಎರಡು ಸಾವಿರದ ಐದರ ಬೇಸಿಗೆಯಲ್ಲಿ ತಂಗಿ ಶಾಂತಾ ಟಿಕೆಟ್ ಕಳಿಸಿ ಕರೆಸಿಕೊಂಡಳು. ಎರಡು ವಾರದಲ್ಲಿ ಸಮುದ್ರ ನೋಡಿ ಮುಗಿಯಿತು. ಮೂರನೆಯ ವಾರ ಈ ಕೌದಿಯ ಸುದ್ದಿ.

ಅದನ್ನು ಹೊಲಿಯುವವರಲ್ಲಿ ಹಿರಿಯಳ ಹೆಸರು ಆರ್ಲೀನ್, ಕರಿಯ ಜನಾಂಗದ ಹೆಂಗಸು, ಲಾಸ್ ಏಂಜಲೀಸಿನ ಲೀಮರ್ಟ್ ಪಾರ್ಕಿನಲ್ಲಿ ಮನೆ. ಶನಿವಾರ ಗೆಳತಿಯರ ಜೊತೆ ಬೇರೆ ಏನೋ ಹೊಲಿಯುತ್ತಾಳೆ. ಹೊಲಿಗೆ ಟೀಚರ್ ಇದ್ದರೆ ಕರೆದುಕೊಂಡು ಬಾ ಎಂದಿದ್ದಾಳೆ ಎಂದರು ಗುರುರಾಜರು. ಶಾಂತಾಳ ಮುಖ ಸಣ್ಣದಾಯಿತು.

"ಆ ಕಡೆ ಏರಿಯಾ ಸೇಫ್ ಅಲ್ಲ ಅಂತಾರ ಅಕ್ಕಾ."

"ಯಾರು ಅಂತಾರ?"

"ಎಲ್ಲಾರೂ."

"ಹೋಗಿ ನೋಡ್ಯಾರೇನು?"

"ಇಲ್ಲಪಾ, ಸೇಫ್ ಇಲ್ಲಂದ್ರ ಯಾರು ಹೋಗ್ತಾರ."

ಗುರುರಾಜರು ಕಾರು ತೆಗೆದರು.

ಲೀಮರ್ಟ್ ಪಾರ್ಕ್

ಗಿಡಗಳ ನೆರಳಿನ ಓಣಿ, ಅಂಗಳದಲ್ಲಿ ಗುಲಾಬಿ, ಮೂಲೆಯ ಮನೆಯಿಂದ ಡೋಲಿನ ಅಭ್ಯಾಸ. ಆರ್ಲೀನ್ ಮನೆಯ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಮೂರು ಹೊಲಿಗೆ ಮಷಿನ್ನು, ಬಟ್ಟೆಯ ರಾಶಿ, ಪುಸ್ತಕದ ಕಪಾಟು, ಗೋಡೆಯ ಮೇಲೆ ಶನಿಗ್ರಹದ ದೊಡ್ಡ ಪಟ. ನಮ್ಮಲ್ಲಿ ಶನಿಯ ಪಟವನ್ನು ಇಷ್ಟು ಪ್ರೀತಿಯಿಂದ ಯಾರೂ ಮನೆಯಲ್ಲಿ ಹಾಕಿಕೊಳ್ಳುವುದಿಲ್ಲ.

ಆರ್ಲೀನ್ ಎದ್ದು ಬಂದಳು. ಎತ್ತರದ ಆಳು, ಬೆಳ್ಳಿ ಬೆರೆತ ಸಣ್ಣ ಸಣ್ಣ ಜಡೆಗಳು. ನಮಸ್ಕಾರ, ಕೈಕುಲುಕುವುದು ಏನೂ ಇಲ್ಲ. ನೇರವಾಗಿ ಬಗ್ಗಿ ನನ್ನ ಸೀರೆಯ ಫಾಲ್ ತಿರುಗಿಸಿ ನೋಡಿದಳು. ನಾನೂ ಆಕೆಯ ತೋಳಿನ ಹೊಲಿಗೆ ನೋಡಿದೆ. ಇಬ್ಬರೂ ಸುಮ್ಮನೆ ತಲೆಯಾಡಿಸಿದೆವು. ಹೀಗೆ ಎರಡು ರಾಷ್ಟ್ರಗಳ ನಡುವೆ ರಾಜತಾಂತ್ರಿಕ ಸಂಬಂಧ ಏರ್ಪಟ್ಟಿತು.

ಆಕೆಯ ಇಂಗ್ಲಿಷು ನನ್ನ ತಂಗಿಯ ಮನೆಯ ಟೀವಿಯ ಇಂಗ್ಲಿಷಲ್ಲ. ಸ್ವರ ಎಳೆದು, ಕೊನೆ ನುಂಗಿ, ನಡುವೆ ಒಂದು ಕುಟುಕು. ನನ್ನ ಕಿವಿಗೆ ಅದು ನಮ್ಮ ಕಡೆಯ ಮಾತಿನ ಹಾಗೆಯೇ ಬಿತ್ತು. ಆದ್ದರಿಂದ ಹಾಗೆಯೇ ಬರೆಯುತ್ತೇನೆ.

"ನಿನ್ನ ಹೆಸರೇನು?"

"ಸರೋಜಾ."

ಬರೆದು ತೋರಿಸು ಎಂದಳು. ಬರೆದೆ. "ಸರೋಹಾ," ಎಂದು ಓದಿದಳು. "ಕ್ಯಾಲಿಫೋರ್ನಿಯಾದಾಗ ಜೆ ಇದ್ದಲ್ಲಿ ಹ ಅಂತೀವಿ. ಸ್ಪ್ಯಾನಿಶ್ ಮಂದಿ ಕಲಿಸಿ ಹೋದದ್ದು." ಅಂದಿನಿಂದ ನಾನು ಸರೋಹಾ.

ಆ ಗ್ಯಾರೇಜಿನಲ್ಲಿ ಏಳೆಂಟು ಮಂದಿ ಸೇರುತ್ತಿದ್ದರು. ಎಲ್ಲರೂ ಕರಿಯರು, ಎಲ್ಲರಿಗೂ ಆಕಾಶದ ಹುಚ್ಚು. ಕಪಾಟಿನಲ್ಲಿದ್ದದ್ದು ಅವರದೇ ಜನ ಬರೆದ ವಿಜ್ಞಾನದ ಕತೆಗಳು. ಬೇರೆ ಗ್ರಹ, ಮುಂದಿನ ಶತಮಾನ, ಅಲ್ಲಿ ಇವರ ಮಕ್ಕಳ ಮಕ್ಕಳು. ಆ ಕತೆಗಳ ಹಾಗೆ ಉಡುಪು ಹೊಲಿದು ತೊಡುವುದು ಇವರ ಶನಿವಾರ. ನಾನು ಹೋದ ದಿನ ನಡೆಯುತ್ತಿದ್ದ ಚರ್ಚೆ: ತೂಕವೇ ಇಲ್ಲದ ಹಡಗಿನಲ್ಲಿ ಕೂದಲಿಗೆ ಎಣ್ಣೆ ಹಚ್ಚುವುದು ಹೇಗೆ? ಎಣ್ಣೆ ಗುಂಡಗಾಗಿ ಗಾಳಿಯಲ್ಲಿ ತೇಲಿ ಯಂತ್ರದೊಳಗೆ ಹೊಕ್ಕರೆ? ಅಂಚೆ ಇಲಾಖೆಯಲ್ಲಿ ನಿವೃತ್ತಳಾದ ಬರ್ನಿಸ್ ಎಂಬಾಕೆ ಎಣ್ಣೆಯೇ ಬೇಡ ಎಂದಳು.

"ಎಣ್ಣಿ ಇಲ್ಲದ ಭವಿಷ್ಯ ನನಗ ಬ್ಯಾಡ," ಎಂದಳು ಆರ್ಲೀನ್.

ನಾನೂ ಕೊಬ್ಬರಿ ಎಣ್ಣೆಯ ಪಕ್ಷಕ್ಕೆ ಮತ ಹಾಕಿದೆ. ಅರಿವೆಗೆ ಹಚ್ಚಿ, ಆ ಅರಿವೆಯನ್ನೇ ತಲೆಗೆ ಕಟ್ಟಿಕೊಂಡರಾಯಿತು ಎಂದೆ. ಬರ್ನಿಸ್ ಅದನ್ನು ವಹಿಯಲ್ಲಿ ಬರೆದುಕೊಂಡಳು. ನಮ್ಮಲ್ಲಿ ಮುಂದಿನದ್ದನ್ನೆಲ್ಲ ಪಂಚಾಂಗದವರಿಗೆ ವಹಿಸಿಕೊಟ್ಟು ನಾವು ನಿಶ್ಚಿಂತರು. ಮಳೆ ಎಷ್ಟು ಕೊಳಗ ಎಂಬುದನ್ನೂ ಅವರೇ ಹೇಳುತ್ತಾರೆ. ಇಲ್ಲಿ ನಿವೃತ್ತ ಹೆಂಗಸರು ಮುಂದಿನ ಕಾಲವನ್ನು ಅಳತೆ ತೆಗೆದು, ಕತ್ತರಿಸಿ, ಹೊಲಿಯುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು.

ಈ ಹುಚ್ಚು ಹೇಗೆ ಹತ್ತಿತು ಎಂದು ಆರ್ಲೀನಳನ್ನು ಕೇಳಿದೆ.

"ಸಣ್ಣಕ್ಕಿದ್ದಾಗ ಟೀವಿಯೊಳಗ ಆಕಾಶದ ಹಡಗು ತೋರಸ್ತಿದ್ರು. ಬಿಳೇ ಗೋಡಿ, ಬಿಳೇ ನೆಲ, ಬಿಳೇ ಮಂದಿ. ನಮ್ಮಂಥಾರು ಒಬ್ರೂ ಇಲ್ಲ. ನಾ ಅಳಕೋತ ಅವ್ವನ್ನ ಕೇಳಿದೆ, ನಾವೆಲ್ಲಾ ಎಲ್ಲಿ ಹೋದ್ವಿ ಅಂತ. ನಮ್ಮವ್ವ ಮಂದಿ ಮನಿ ಕಸಾ ಹೊಡದಾಕಿ. ಇಸ್ತ್ರಿ ಮಾಡಕೋತ ಒಂದ ಸಲ ನೋಡಿದ್ಲು. ಅಳಬ್ಯಾಡ, ನೆಲ ಅಷ್ಟ ಲಕಲಕ ಹೊಳಿತೈತಿ ಅಂದ್ರ ಕೆಳಗ ಎಲ್ಲೋ ನಮ್ಮಾರು ಅದಾರ ಅಂದ್ಲು."

ಗ್ಯಾರೇಜು ನಕ್ಕಿತು. ಅವರೆಲ್ಲ ಹಲವು ಸಲ ಕೇಳಿದ ಕತೆ. ನಗು ಮಾತ್ರ ಹೊಸದು.

ಆಮೇಲೆ ಆಕೆ ಮಷಿನ್ನಿನ ಹಿಂದಿನಿಂದ ಒಂದು ಸುರುಳಿ ಬಿಡಿಸಿದಳು. ಭುಜದಿಂದ ನೆಲಕ್ಕಿಳಿದು ಹಿಂದೆ ಐದು ಮೊಳ ಹರಡುವ ಹೊದಿಕೆ. ಕರಿ, ನೀಲಿ, ಕುಂಕುಮದ ಬಣ್ಣದ ತೇಪೆಗಳು, ನಡುನಡುವೆ ಉಪಗ್ರಹದ ಬಂಗಾರದ ಹಾಳೆಯ ಚೂರು, ಎಲ್ಲದರ ಮೇಲೆ ಕೈಹೊಲಿಗೆಯ ಸಾಲು. ನಾನು ಕನ್ನಡಕ ಏರಿಸಿಕೊಂಡು ತಪ್ಪು ಹುಡುಕಿದೆ. ಇದು ನನ್ನ ವೃತ್ತಿಯ ಚಟ. ಸಿಗಲಿಲ್ಲ.

ಆಕೆ ಕಟ್ಟಿದ ಕತೆಯಲ್ಲಿ ಒಂದು ಹಡಗು ಏಳು ತಲೆಮಾರಿನಿಂದ ಆಕಾಶದಲ್ಲಿದೆ. ಅದಕ್ಕೆ ಕಪ್ತಾನನಿದ್ದಾನೆ, ಆದರೆ ಯಜಮಾನಿಕೆ ಹಡಗಿನ ಅಜ್ಜಿಯದು. ಹೊರಮೈಯ ಹೊದಿಕೆ ಹರಿದಲ್ಲೆಲ್ಲ ತೇಪೆ ಹಾಕುವುದು ಆಕೆಯ ಕೆಲಸ. ಮುಂದಿನ ಶನಿವಾರ ಸ್ಯಾನ್ ಡಿಯಾಗೋದ ಹೋಟೆಲೊಂದರಲ್ಲಿ ಇಂಥ ಕತೆಗಳ ಅಭಿಮಾನಿಗಳು ಸೇರಿ ವೇಷದ ಸ್ಪರ್ಧೆ ನಡೆಸುತ್ತಾರೆ. ಅಜ್ಜಿಯಾಗಿ ಆರ್ಲೀನ್. ಗೆದ್ದ ಉಡುಪನ್ನು ಒಂದು ವರ್ಷ ಗಾಜಿನ ಕಪಾಟಿನಲ್ಲಿಟ್ಟು ಊರಿಗೆ ತೋರಿಸುತ್ತಾರೆ.

"ಗೆಲ್ಲಬೇಕೇನು?" ಎಂದೆ.

"ಇಪ್ಪತ್ತಾರು ವರ್ಷ ಹೊಲದೀನಿ ಸರೋಹಾ. ಹೊಲದದ್ದೆಲ್ಲಾ ಮ್ಯಾಲ ಹೋಗೇತಿ. ಒಬ್ಬರೂ ನನ್ನ ಹೊಲಿಗಿ ನೋಡಿಲ್ಲ. ನೋಡಾಕ ಅಲ್ಲಿ ಯಾರು ಅದಾರ? ಇದೊಂದರೆ ಮಂದಿ ನಿಂತು ನೋಡ್ಲಿ."

ನನ್ನನ್ನೂ ಬಾ ಎಂದಳು. ಹೊಲಿಗೆ ತಿಳಿದ ಎರಡು ಕಣ್ಣು ಜೊತೆಗಿರಲಿ ಎಂದು.

ಲಾ ಹೋಯಾದಲ್ಲಿ ದಾರಿ ತಪ್ಪಿದ್ದು

ಶಾಂತಾ ಹೊರಡುವ ಮುಂಜಾನೆ ರೈಸ್ ಕುಕ್ಕರು, ಒಂದು ಚೀಲ ಸೋನಾ ಮಸೂರಿ, ಉಪ್ಪಿನಕಾಯಿ ಕಟ್ಟಿಕೊಟ್ಟಳು.

"ಎರಡ ದಿನಕ್ಕ ಇಷ್ಟ್ಯಾಕ?"

"ಅಲ್ಲಿ ಏನ ಸಿಗತದೋ ಏನೋ. ಬ್ರೆಡ್ ತಿಂದು ಬದಕೂ ಜೀವ ಅಲ್ಲ ನಿಂದು."

ಆರ್ಲೀನಳ ವ್ಯಾನಿನಲ್ಲಿ ಕೌದಿಗೆ ಇಡೀ ಒಂದು ಸೀಟು, ಬೆಲ್ಟು ಸಹಿತ. ನನ್ನ ಕಾಲ ನಡುವೆ ಕುಕ್ಕರು. ಬರ್ನಿಸ್ ನಕಾಶೆ ಹಿಡಿದಿದ್ದಳು. ಮೂವತ್ತು ವರ್ಷ ಪತ್ರಗಳನ್ನು ಸರಿಯಾದ ವಿಳಾಸಕ್ಕೆ ಮುಟ್ಟಿಸಿದ ಆಕೆ ನಮ್ಮನ್ನು ಲಾ ಹೋಯಾದ ವಿಶ್ವವಿದ್ಯಾಲಯದೊಳಗೆ ಮುಟ್ಟಿಸಿದಳು. ಒಂದೇ ನೀಲಗಿರಿ ಗಿಡದ ಸುತ್ತ ಮೂರು ಸಲ ತಿರುಗಿದೆವು. ಕೊನೆಗೆ ಬೆನ್ನಿಗೆ ಚೀಲ ಹಾಕಿಕೊಂಡ ವಿದ್ಯಾರ್ಥಿನಿಯೊಬ್ಬಳನ್ನು ನಿಲ್ಲಿಸಿದರು. ಅವಳು ಕಿಟಕಿಯೊಳಗೆ ಬಗ್ಗಿ ನನ್ನ ಕುಂಕುಮ, ಇಳಕಲ್ ಸೀರೆ ನೋಡಿದಳು.

"ಆಂಟಿ, ಕನ್ನಡಾನಾ? ನಾನು ಮೈಸೂರು. ಇವರೆಲ್ಲ ಯಾರು?"

"ಆಕಾಶಕ್ಕ ಹೊಂಟವರು ನೋಡವಾ."

ಅವಳು ಬಂಗಾರದ ಕೌದಿಯ ಕಡೆ ನೋಡಿದಳು. ನನ್ನ ಕುಕ್ಕರಿನ ಕಡೆ ನೋಡಿದಳು. "ಓ. ಹಾಗಾದ್ರೆ ಲೆಫ್ಟ್ ತಗೊಂಡು ಸೀದಾ ಫ್ರೀವೇ ಹಿಡೀರಿ," ಎಂದಳು.

ಕನ್ನಡಿಗರು ಯಾವುದಕ್ಕೂ ಬೆರಗಾಗುವುದಿಲ್ಲವೆಂದು ನಾನು ಅಭಿಮಾನದಿಂದ ಆರ್ಲೀನಳಿಗೆ ಹೇಳಿದೆ.

ಸ್ಯಾನ್ ಡಿಯಾಗೋ

ಹೋಟೆಲಿನ ಪಡಸಾಲೆಯಲ್ಲಿ ಹಸಿರು ಮುಖದವರು, ಮೂರು ಕಣ್ಣಿನವರು, ಬಾಲವಿದ್ದವರು ಸಾಲಾಗಿ ನಿಂತು ಕಾಫಿ ಕೊಳ್ಳುತ್ತಿದ್ದರು. ಎಲ್ಲರೂ ನನ್ನನ್ನು ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿದರು. ಬಾಲದವನೊಬ್ಬ, ನಿಮ್ಮದು ಯಾವ ಗ್ರಹ ಎಂದು ಕೇಳಿಯೂಬಿಟ್ಟ. ಧಾರವಾಡ ಎಂದೆ. ಕೇಳಿದ್ದೇನೆ ಎಂದ.

ಸ್ಪರ್ಧೆಯ ಅರ್ಜಿಯಲ್ಲಿ ಒಂದು ಕಾಲಮ್ಮು: ಈ ಪಾತ್ರ ಯಾವ ಸಿನಿಮಾದ್ದು, ಯಾವ ಪುಸ್ತಕದ್ದು? ಬರ್ನಿಸ್ "ಇನ್ನೂ ಬಂದಿಲ್ಲ" ಎಂದು ಬರೆದಳು. ಮೇಜಿನ ಹಿಂದಿದ್ದವನು ಯಾವಾಗ ಬರುತ್ತದೆ ಎಂದ.

"ನಾವು ಬರೆದ ಮ್ಯಾಲ," ಎಂದಳು ಬರ್ನಿಸ್.

ಮಧ್ಯಾಹ್ನ ಅವರಿಬ್ಬರೂ ವೇದಿಕೆಯ ಅಭ್ಯಾಸಕ್ಕೆ ಹೊರಟರು. ವ್ಯಾನಿನಲ್ಲಿ ಬರುವಾಗಲೇ ಕೌದಿಯ ಒಂದು ಮೂಲೆ ಬಿಚ್ಚಿಕೊಂಡಿತ್ತು. ಆರ್ಲೀನ್ ಸೂಜಿ, ಉಪಗ್ರಹದ ದಾರ ಎರಡನ್ನೂ ನನ್ನ ಕೈಗಿತ್ತಳು.

"ಬ್ಯಾರೆ ಯಾರಿಗೂ ಕೊಡ್ತಿದ್ದಿಲ್ಲ. ನಿನ್ನ ಕೈ ನೋಡೀನಿ. ಪದರ ಕೂಡಿಸಿ ಬಾಯಿ ಮುಚ್ಚಿಬಿಡು."

ಬಾಯಿ ಮುಚ್ಚಿದ್ದರೆ ಈ ಕಥನ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು ಸರ್ವೀಸಿನ ಆರಂಭದಲ್ಲಿ ನಾಲ್ಕು ವರ್ಷ ಹಳಿಯಾಳದಲ್ಲಿದ್ದವಳು. ಅಲ್ಲಿಯ ಸಿದ್ದಿ ಹೆಂಗಸೊಬ್ಬಳು ನನ್ನ ಹಳೆಯ ಸೀರೆಗಳಿಂದ ಕೌದಿ ಹೊಲಿದುಕೊಟ್ಟಿದ್ದಳು. ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ಹಿಡಿ ಅಕ್ಕಿ ಕೇಳಿದಳು. ಯಾಕೆ ಎಂದರೆ, "ಹೊಟ್ಟಿ ಖಾಲಿ ಇದ್ದ ಕೌದಿ ಮಂದೀನ್ನ ಹ್ಯಾಂಗ ಬೆಚ್ಚಗ ಇಟ್ಟೀತ್ರಿ?" ಎಂದಳು. ಆಗ ನಕ್ಕಿದ್ದೆ. ಆದರೆ ಅಲ್ಲಿಂದೀಚೆಗೆ ಒಂದು ಕೌದಿಯನ್ನೂ ನಾನು ಹಸಿದ ಹೊಟ್ಟೆಯಲ್ಲಿ ಮುಚ್ಚಿದವಳಲ್ಲ. ಅದರಲ್ಲೂ ಇದು ಏಳು ತಲೆಮಾರು ದೂರ ಹೋಗಬೇಕಾದದ್ದು. ಶಾಂತಾಳ ಚೀಲದಿಂದ ಒಂದು ಹಿಡಿ ತೆಗೆದೆ. ಸಾಲದೆನಿಸಿ ಇನ್ನೊಂದು ಹಿಡಿ. ಮೂಲೆ ಮುಚ್ಚಿ, ಗಂಟು ಹಾಕಿ, ದಾರ ಹರಿದೆ. ಹೇಳಿದರೆ ಹೆಚ್ಚುಗಾರಿಕೆಯಾದೀತೆಂದು ಹೇಳಲಿಲ್ಲ.

ಸಂಜೆ ಸಭಾಂಗಣ ತುಂಬಿತ್ತು. ತೀರ್ಪುಗಾರರು ಮೂವರು ಮುಂದಿನ ಸಾಲಿನಲ್ಲಿ. ಆರ್ಲೀನ್ ಬಂದಳು. ಸಂಗೀತವಿಲ್ಲ, ಹೊಗೆಯಿಲ್ಲ. ಮೊಣಕಾಲು ನೋವಿನ ಮುದುಕಿ ತನ್ನ ಮನೆಯ ಪಡಸಾಲೆಯಲ್ಲಿ ನಡೆಯುವ ಹಾಗೆ ನಡೆದಳು. ಹಿಂದೆ ಐದು ಮೊಳ ಕೌದಿ ಬೆಳಕನ್ನು ಹಿಡಿದು ಬಿಡುತ್ತ ಹರಿಯಿತು. ಬರ್ನಿಸ್ ಮೈಕಿನಲ್ಲಿ ಹಡಗಿನ ಕತೆ ಓದುತ್ತಿದ್ದಳು. ತೀರ್ಪುಗಾರ್ತಿಯೊಬ್ಬಳು ಎದ್ದು ನಿಂತೇ ನೋಡುತ್ತಿದ್ದಳು. ಆರ್ಲೀನ್ ಹೊರಳಿದಳು. ಕೌದಿ ಬೀಸಿತು.

ಆಗ ಮೊರದಲ್ಲಿ ಕಾಳು ಕೇರಿದಂಥ ಸದ್ದು.

ಹಲಗೆಯ ವೇದಿಕೆಯ ಮೇಲೆ ಸೋನಾ ಮಸೂರಿ ಸುರಿಯುತ್ತಿತ್ತು. ನನ್ನ ಗಂಟು ಬಿಚ್ಚಿತ್ತು. ಮೂವತ್ತೊಂದು ವರ್ಷದಲ್ಲಿ ಎಷ್ಟು ಹುಡುಗಿಯರ ಬೆರಳಿಗೆ ಅಡಿಪಟ್ಟಿಯಿಂದ ಹೊಡೆದಿದ್ದೆನೋ, ಅಷ್ಟೂ ಏಟು ಒಮ್ಮೆಗೇ ನನಗೆ ಬಿದ್ದಂತಾಯಿತು. ಬರ್ನಿಸ್ ಓದು ನಿಲ್ಲಿಸಿದಳು. ಯಾರೋ ಕಿಸಕ್ಕೆಂದರು.

ಆರ್ಲೀನ್ ಬಗ್ಗಿ ಒಂದು ಕಾಳು ಎತ್ತಿ ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಎರಡೂ ಮೊಣಕಾಲೂರಿ ಕುಳಿತು, ಕಾಳುಗಳನ್ನು ಒಂದೊಂದಾಗಿ ಎತ್ತಿ ತನ್ನ ಜಡೆಗಳ ಸಂದಿಯಲ್ಲಿ ಸಿಕ್ಕಿಸತೊಡಗಿದಳು. ಅವಸರವಿಲ್ಲ. ಕಿಸಕ್ಕೆಂದವರು ಸುಮ್ಮನಾದರು. ಬರ್ನಿಸ್ ಕಾಗದ ಕೆಳಗಿಟ್ಟು, ಮೈಕು ಬಿಟ್ಟು, ವೇದಿಕೆ ಹತ್ತಿ ಪಕ್ಕದಲ್ಲಿ ಕೂತು ಆಯತೊಡಗಿದಳು. ಸಭೆಯ ಹಿಂಭಾಗದಲ್ಲಿ ಮೂರು ನಾಲ್ಕು ಕರಿಯ ಹೆಂಗಸರು ಎದ್ದು ನಿಂತರು. ಚಪ್ಪಾಳೆ ಹೊಡೆಯಲಿಲ್ಲ, ಸುಮ್ಮನೆ ನಿಂತರು. ಕೊನೆಯ ಕಾಳು ಎತ್ತುವ ತನಕ ನಿಂತೇ ಇದ್ದರು.

ಸಮಯ ಮೀರಿತು, ವೇದಿಕೆಯ ಮೇಲೆ ಏನನ್ನೂ ಚೆಲ್ಲಬಾರದೆಂಬ ನಿಯಮ ಮುರಿಯಿತು. ತೀರ್ಪುಗಾರರು ಬಹಳ ಸಂಕೋಚದಿಂದ, ಆದರೆ ನಿಯಮದಂತೆ, ಆರ್ಲೀನಳನ್ನು ಸ್ಪರ್ಧೆಯಿಂದ ಕೈಬಿಟ್ಟರು. ಗಾಜಿನ ಕಪಾಟು ಹಸಿರು ಮುಖದವನೊಬ್ಬನ ಪಾಲಾಯಿತು.

ಕೋಣೆಗೆ ಬಂದ ಮೇಲೆ ಆರ್ಲೀನ್ ಮಂಚದ ತುದಿಯಲ್ಲಿ ಕೂತಳು. ನಾನು ತಪ್ಪೊಪ್ಪಿಗೆಯನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಳ್ಳುತ್ತ ಬಾಗಿಲಲ್ಲೇ ನಿಂತೆ.

"ಎಷ್ಟ ಗಂಟ ಹಾಕಿದ್ದಿ?"

"ಒಂದು."

"ಆ ದಾರಕ್ಕ ಮೂರು ಬೇಕು. ನುಣುಪ ಇರ್ತೈತಿ. ಟೀಚರಂತ, ಟೀಚರು."

"ತಪ್ಪಾತು."

"ಎರಡ ವರ್ಷದ ಕೆಲಸ ಸರೋಹಾ." ದನಿ ಒಡೆಯಿತು. ಬರ್ನಿಸ್ ಆಕೆಯ ಭುಜದ ಮೇಲೆ ಕೈಯಿಟ್ಟಳು. ಆಮೇಲೆ ಆರ್ಲೀನ್ ಕಣ್ಣೊರೆಸಿಕೊಂಡು ಕೇಳಿದಳು: "ಅಕ್ಕಿ ಯಾಕ ಹಾಕಿದಿ? ನಿನಗ ಯಾರು ಹೇಳಿದ್ರು?"

ಹೇಳಿದೆ. ನಮ್ಮ ನಾಡಿನಲ್ಲಿ ಸಿದ್ದಿ ಜನರಿದ್ದಾರೆ, ಕಾಳಿ ನದಿಯ ಕಡೆಯ ಕಾಡಿನಲ್ಲಿ. ಆಫ್ರಿಕದಿಂದ ಬಂದವರು.

"ಹ್ಯಾಂಗ ಬಂದ್ರು?"

"ಹಡಗಿನಾಗ. ಪೋರ್ಚುಗೀಸರು ತಂದರಂತ. ಗೋವಾದಿಂದ ತಪ್ಪಿಸಿಕೊಂಡು ಕಾಡು ಸೇರಿದರಂತ."

ಆರ್ಲೀನ್, ಬರ್ನಿಸ್ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಆರ್ಲೀನ್ ತನ್ನ ಅಜ್ಜಿಯ ಮಾತು ಹೇಳಿದಳು. ಅಜ್ಜಿ ಅಮೆರಿಕದ ದಕ್ಷಿಣದ ಸಮುದ್ರ ತೀರದವಳು, ಭತ್ತದ ಸೀಮೆ. ಅವರ ಹಿರೀಕರನ್ನು ಆಫ್ರಿಕದಲ್ಲಿ ಗುಲಾಮರಾಗಿ ಹಿಡಿದು ಹಡಗಿಗೆ ಹಾಕುವಾಗ ಹೆಂಗಸರು ಮಕ್ಕಳ ಜಡೆಯೊಳಗೆ ಭತ್ತ ಹೆಣೆದು ಕಳಿಸಿದರಂತೆ. ಎಲ್ಲಿಗೆ ಒಯ್ಯುತ್ತಾರೋ ತಿಳಿಯದು, ಹೋದಲ್ಲಿ ಬಿತ್ತಲಿಕ್ಕಾದರೂ ಇರಲಿ ಎಂದು. ನಿಜವೋ ಕತೆಯೋ ಗೊತ್ತಿಲ್ಲ, ಮನೆಯಲ್ಲಿ ಹೇಳಿಕೊಂಡು ಬಂದದ್ದು. ಎದ್ದು ನಿಂತ ಹೆಂಗಸರ ಮನೆಗಳಲ್ಲೂ ಹೇಳಿರಬೇಕು.

"ಎರಡ ವರ್ಷ ಈ ಹಡಗಿನ ಕತಿ ಕಟ್ಟೀನಿ," ಎಂದಳು. "ಎಂಜಿನ್ನು, ಗಾಳಿ, ನೀರು, ತಲಿಗೆ ಎಣ್ಣಿ. ಉಣ್ಣೂದೇನು ಅಂತ ಒಬ್ಬರೂ ಕೇಳಲಿಲ್ಲ ನೋಡು."

ಆಕೆ ಜಡೆಯಿಂದ ಕಾಳು ಬಿಡಿಸಿ ನನ್ನ ಅಂಗೈಗೆ ಹಾಕುತ್ತ ಹೋದಳು. ನಾನು ಮತ್ತೆ ಮೂಲೆಗೆ ತುಂಬಿದೆ. ಈ ಸಲ ಹೊಲಿದವಳು ಆಕೆ, ಮೂರು ಗಂಟು. ಆಮೇಲೆ ಕೌದಿಯ ಒಳಮಗ್ಗುಲು ತಿರುಗಿಸಿದಳು. ಅಂಚಿನುದ್ದಕ್ಕೂ ಕರಿ ಬಟ್ಟೆಯ ಮೇಲೆ ಕರಿ ದಾರದ ಸಣ್ಣ ಅಕ್ಷರ. ತಪ್ಪು ಹುಡುಕುವ ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಕೌದಿಗೆ ಒಂದು ಹೊಲಿಗೆ, ಒಂದು ತೇಪೆ, ಒಂದು ಉಪಾಯ ಕೊಟ್ಟ ಪ್ರತಿಯೊಬ್ಬ ಹೆಂಗಸಿನ ಹೆಸರು. ಸೂಜಿಗೆ ಕರಿ ದಾರ ಪೋಣಿಸಿ, "ಅಕ್ಕಿ ಕೇಳಿದಾಕಿ ಹೆಸರೇನು?" ಎಂದಳು.

ನಾನು ಬಾಯಿ ತೆರೆದೆ. ಹೆಸರು ಬರಲಿಲ್ಲ. ಮರೆತದ್ದಲ್ಲ, ಕೇಳಿಯೇ ಇರಲಿಲ್ಲ. ಹದಿನೈದು ದಿನ ನನ್ನ ಕಟ್ಟೆಯ ಮೇಲೆ ಕೂತು ಹೊಲಿದಳು. ನಾವೆಲ್ಲ ಆಕೆಯನ್ನು ಸಿದ್ದಿ ಬಾಯಿ ಎಂದೆವು, ಅಷ್ಟೆ. ಆಕೆಗೆ ಚಹ ಕೊಡುವ ಬಟ್ಟಲು ಬೇರೆ ಇತ್ತು ಎಂಬುದನ್ನು ಆರ್ಲೀನಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತಿದ್ದೇನೆ.

"ಗೊತ್ತಿಲ್ಲ," ಎಂದೆ.

ಆರ್ಲೀನ್ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಸೂಜಿಯನ್ನು ಅಂಚಿಗೆ ಚುಚ್ಚಿಟ್ಟಳು.

"ಜಾಗಾ ಬಿಟ್ಟಿರ್ತೀನಿ. ಹೋಗಿ ಕೇಳಿ ಕಾಗದಾ ಬರಿ."

ಹಳಿಯಾಳ

ಊರಿಗೆ ಬಂದು ಎಂಟು ದಿನಕ್ಕೆ ಹಳಿಯಾಳದ ಬಸ್ಸು ಹತ್ತಿದೆ. ಲಾಸ್ ಏಂಜಲೀಸಿಗೆ ಹೋಗುವಾಗಲೂ ಇಷ್ಟು ಅಳುಕಿರಲಿಲ್ಲ. ಕೇಳುತ್ತ ಕೇಳುತ್ತ ಊರ ಹೊರಗಿನ ಸಿದ್ದಿಗಳ ಓಣಿಗೆ ಹೋದಾಗ ಆಕೆ ಬಾಗಿಲ ಮುಂದೆ ಕಾಲು ಚಾಚಿ, ತೊಡೆಯ ಮೇಲೆ ಕೌದಿ ಹರಡಿಕೊಂಡು ಕೂತಿದ್ದಳು, ಮುದುಕಿಯಾಗಿದ್ದಳು. ನನ್ನನ್ನು ದಿಟ್ಟಿಸಿ ನೋಡಿದಳು.

"ಕಾಜಾ ಅಕ್ಕೋರಲ್ರಿ ನೀವು? ನನ್ನ ತಂಗಿ ಮಗಳ ಬೆರಳ ಮ್ಯಾಲ ಹೊಡೀತಿದ್ರಿ."

ಹೌದೆಂದೆ. ಪಕ್ಕದಲ್ಲಿ ಕೂತೆ.

"ನಿಮ್ಮ ಹೆಸರು ಕೇಳಲಿಕ್ಕೆ ಬಂದೀನಿ."

"ರೇಷನ್ ಕಾರ್ಡಿಗೇನ್ರಿ?"

"ಅಲ್ಲ. ಅಮೆರಿಕಾದಾಗ ಒಂದು ಕೌದಿ ಮ್ಯಾಲ ಹೊಲಿಬೇಕಂತ."

"ಯಾರು ಹೊತಗೊಳ್ಳೂ ಕೌದಿ?"

"ಆಕಾಶದಾಗ ಹೋಗೂ ಹಡಗಿಂದು. ಅದರಾಗ ನಿಮ್ಮ ಪೈಕಿ ಮಂದಿ ಹೋಗತಾರ ಅಂತ ಕತಿ ಕಟ್ಯಾರ. ಹೊಟ್ಟಿಯೊಳಗ ನೀವು ಹೇಳಿದಂಗ ಅಕ್ಕಿ ಹಾಕೇವಿ."

ಆಕೆ ನಗುತ್ತಾಳೆಂದು ಕಾದೆ. ನಗಲಿಲ್ಲ. ಕೈಯಲ್ಲಿದ್ದ ಸಾಲನ್ನು ತುದಿ ಮುಟ್ಟಿಸಿ, ದಾರವನ್ನು ಹಲ್ಲಿನಿಂದ ಕಚ್ಚಿ ಹರಿದಳು.

"ಹಂಗಾದ್ರ ಪೂರಾ ಬರ್ಕೋರಿ ಅಕ್ಕೋರ. ನಂದು, ನಮ್ಮವ್ವಂದು, ಅಕೀಗಿ ಕಲಿಸಿದ ಆಯೀದು," ಎಂದಳು. "ಎಷ್ಟ ಜಾಗಾ ಬಿಟ್ಟಾರ?"